ಹಣಕಾಸು ಕಾರ್ಯದರ್ಶಿ ಒಡೆಸಿದ ಬೀಗ

ಖಜಾನೆ ಇಲಾಖೆಗೆ ಈಗ ಸೇರುತ್ತಿರುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ. ಕಂಪ್ಯೂಟರಿನ ಮೇಲೆ ಅವರ ಬೆರಳು ಓಡುವ ವೇಗ ನಮ್ಮ ಕಾಲದವರಿಗೆ ಕೊನೆಯವರೆಗೂ ಬರಲಿಲ್ಲ. ಆದರೆ ‘ನಿಮ್ಮ ಕೆಲಸದ ತುತ್ತತುದಿಯಲ್ಲಿ ಯಾರಿದ್ದಾರೆ?’ ಎಂದು ಕೇಳಿದರೆ ‘ಸರ್ವರ್ ಬೆಂಗಳೂರಲ್ಲಿದೆ ಮೇಡಂ’ ಎಂದು ಉತ್ತರ ಕೊಡುತ್ತಾರೆ.

ಸರ್ವರ್ ಇರಲಿ. ಅಲ್ಲೊಬ್ಬ ಮನುಷ್ಯ ಕೂತಿರುತ್ತಾನೆ. ಆ ಕುರ್ಚಿಗೆ ಹಣಕಾಸು ಕಾರ್ಯದರ್ಶಿ ಎಂದು ಹೆಸರು. ಬಜೆಟ್ ದಿನ ಟಿವಿಯಲ್ಲಿ ಸೂಟ್‌ಕೇಸ್ ಹಿಡಿದು ನಿಲ್ಲುವ ಮಂತ್ರಿಗಳನ್ನು ಎಲ್ಲರೂ ಬಲ್ಲರು. ಆ ಸೂಟ್‌ಕೇಸಿನೊಳಗಿನ ಸಾಲುಗಳನ್ನು ಬರೆಸಿ, ಮಾರನೆಯ ದಿನದಿಂದ ವರ್ಷಪೂರ್ತಿ ಆ ಸಾಲುಗಳಿಗೆ ತಕ್ಕಂತೆ ರಾಜ್ಯದ ಸಂಸಾರ ತೂಗಿಸುವವರನ್ನು ಬಹಳ ಜನ ಬಲ್ಲರೆಂದು ನನಗನ್ನಿಸುವುದಿಲ್ಲ. ನಾನು ಅಂಥವರೊಬ್ಬರ ಕೈಕೆಳಗೆ ಮೂರು ವರ್ಷ ದುಡಿದೆ. ಉಳಿದ ಸರ್ವೀಸನ್ನೆಲ್ಲ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಎಂದು ನಮ್ಮ ಸೀಮೆಯ ಖಜಾನೆಗಳಲ್ಲೇ ಕಳೆದೆ. ಯಾವ ವರ್ಷ ಯಾವ ಬಡ್ತಿ ಬಂತು ಎಂಬ ಪಟ್ಟಿ ಇಲ್ಲಿ ಕೊಡುವುದಿಲ್ಲ. ಹೊಸಬರಿಗೆ ಉಪಯೋಗಕ್ಕೆ ಬರುವುದು ನನ್ನ ಬಡ್ತಿಗಳಲ್ಲ, ನನ್ನ ಒಂದು ತಪ್ಪು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ನಗರಗೆರೆಯಿಂದ ಆಚೆ ಒಂದು ಹಳ್ಳಿ, ಅದರ ಕಾಲೋನಿ. ಅಪ್ಪ ಬಂಡೆ ಒಡೆಯುವ ಕೂಲಿ, ಅಮ್ಮ ಕಂಡವರ ಹೊಲದ ಕೂಲಿ. ನಮ್ಮ ಮನೆಯಲ್ಲಿ ಮೊದಲು ಹತ್ತನೇ ತರಗತಿ ದಾಟಿದವಳು ನಾನು, ಕಾಲೋನಿಯಲ್ಲಿ ಮೊದಲು ಪದವಿ ಪಡೆದವಳೂ ನಾನೇ. ಬಿ.ಕಾಂ. ಸರ್ಟಿಫಿಕೇಟನ್ನು ಅಪ್ಪ ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಕೆಲಸಕ್ಕೆ ಸೇರುವ ದಿನ ಒಂದೇ ಮಾತು ಹೇಳಿದರು: “ನಿನ್ ಹೆಸರಿಗೆ ಮಸಿ ಅಂಟಬಾರ್ದು ಕಣಮ್ಮ. ನಿನ್ನೊಬ್ಳ ಹೆಸರಲ್ಲ ಅದು.” ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಂಥವರು ಕುರ್ಚಿಯ ಮೇಲೆ ಕೂತರೆ ಎಡವುವುದನ್ನೇ ಕಾಯುವ ಕಣ್ಣುಗಳು ಪ್ರತಿ ಕಚೇರಿಯಲ್ಲೂ ಒಂದೆರಡು ಇರುತ್ತವೆ. ಬೇರೆಯವರು ಎಡವಿದರೆ ‘ಅವನು ಎಡವಿದ’ ಅನ್ನುತ್ತಾರೆ, ನಾವು ಎಡವಿದರೆ ‘ಅವರೇ ಹಂಗೆ’ ಅನ್ನುತ್ತಾರೆ. ಹಾಗಾಗಿ ಒಂದೂ ಕಪ್ಪು ಚುಕ್ಕೆಯಿಲ್ಲದ ಸರ್ವೀಸ್ ಪುಸ್ತಕ ನನ್ನ ಜೀವನದ ಹಠವಾಯಿತು.

ಗೌರಿಬಿದನೂರಿನ ಉಪಖಜಾನೆಯಲ್ಲಿ ನನ್ನ ಮೊದಲ ಮೇಲಧಿಕಾರಿ ಮುಖ್ಯ ಲೆಕ್ಕಿಗರಾದ ಶಾಮಣ್ಣನವರು. ಹಣೆಯಲ್ಲಿ ನಾಮ, ಜೇಬಿನಲ್ಲಿ ನಶ್ಯದ ಡಬ್ಬಿ.

“ಬಿ.ಕಾಂ. ಓದಿದ್ದೀಯಂತೆ?”

“ಹೌದು ಸಾರ್.”

“ಒಳ್ಳೇದಾಯ್ತು. ಅದನ್ನ ಸ್ವಲ್ಪ ದಿನ ಬಾಗ್ಲಾಚೆ ಇಟ್ಟು ಬಾ. ಇಲ್ಲಿ ಮೊದ್ಲು ಬೀಗ ಹಾಕೋದು ಕಲೀಬೇಕು.”

ಪ್ರತಿ ಖಜಾನೆಯಲ್ಲೂ ಒಂದು ಭದ್ರತಾ ಕೊಠಡಿ ಇರುತ್ತದೆ. ಸ್ಟ್ರಾಂಗ್ ರೂಮ್ ಎಂದೇ ಎಲ್ಲರ ಬಾಯಲ್ಲಿ. ಅದರ ಬಾಗಿಲಿಗೆ ಎರಡು ದೊಡ್ಡ ಬೀಗ. ಒಂದರ ಕೀಲಿ ಖಜಾನಾಧಿಕಾರಿಯ ಹತ್ತಿರ, ಇನ್ನೊಂದರದು ಮುಖ್ಯ ಲೆಕ್ಕಿಗರ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆರೆಯಬೇಕು. ಎರಡು ಕೀಲಿಗಳು ಯಾವ ಕಾರಣಕ್ಕೂ ಒಬ್ಬರ ಕೈಯಲ್ಲಿ ಸೇರಬಾರದು. ಹೊಸದರಲ್ಲಿ ನಾನು ಕೇಳಿದ್ದೆ: “ಅಂದ್ರೆ ನಮ್ಮ ಮೇಲೆ ಅನುಮಾನಾನಾ ಸಾರ್?”

ಶಾಮಣ್ಣನವರು ನಶ್ಯ ಏರಿಸಿ ಹೇಳಿದರು: “ಅನುಮಾನ ಅಲ್ಲಮ್ಮ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ‘ಇವಳೊಬ್ಬಳೇ ಮಾಡಿದ್ಲು’ ಅನ್ನೋಕೆ ಯಾರಿಗೂ ಬಾಯಿರಲ್ಲ. ನೀನು ಬೀಗ ಕಾಯ್ತೀಯ, ಬೀಗ ನಿನ್ನನ್ನ ಕಾಯುತ್ತೆ.”

ಇಲಾಖೆಯ ಇತಿಹಾಸ ಹೇಳಿಕೊಟ್ಟವರೂ ಅವರೇ. ಮಹಾರಾಜರ ಕಾಲದಲ್ಲಿ ಅವರ ತಂದೆ ತಾಲ್ಲೂಕು ಖಜಾನೆಯಲ್ಲಿ ನಾಣ್ಯ ಪರೀಕ್ಷಿಸಿ ಎಣಿಸುವ ಕೆಲಸದಲ್ಲಿದ್ದರಂತೆ. ಆಗ ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಕಚೇರಿಯ ಒಳಕೋಣೆಯೇ ಖಜಾನೆ. ಕಂದಾಯದ ನಾಣ್ಯ ಚೀಲಗಳಾಗಿ, ಚೀಲಗಳು ಗಾಡಿ ಹತ್ತಿ, ಬಂದೂಕಿನ ಕಾವಲಿನಲ್ಲಿ ಹೊರಟು, ಕೊನೆಗೆ ರಾಜಧಾನಿಯ ಹುಜೂರ್ ಖಜಾನೆ ಸೇರುತ್ತಿದ್ದವು. ಅಲ್ಲಿಂದ ಒಂದು ಕಾಸು ಹೊರಡಬೇಕಾದರೂ, ಅದು ಅರಮನೆಗಾಗಲಿ ಕೆರೆಯ ಏರಿಗಾಗಲಿ, ಲೆಕ್ಕದ ದೊಡ್ಡ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ರಾಜರು ಹೋದರು, ಆ ಕುರ್ಚಿ ಮಾತ್ರ ಉಳಿದು ಹಣಕಾಸು ಕಾರ್ಯದರ್ಶಿಯ ಕುರ್ಚಿಯಾಯಿತು ಎಂಬುದು ಶಾಮಣ್ಣನವರ ಇತಿಹಾಸ. ಪುಸ್ತಕದ ಇತಿಹಾಸ ಇನ್ನಷ್ಟು ಸುತ್ತುಬಳಸಿನದು ಇರಬಹುದು. ನನಗೆ ಹಿಡಿಸಿದ್ದು ಅವರದು.

ಎಷ್ಟೋ ವರ್ಷಗಳ ಮೇಲೆ ಆ ಕುರ್ಚಿಯನ್ನು ಕಣ್ಣಾರೆ ನೋಡುವ ಅವಕಾಶ ಬಂತು. ನಿಯೋಜನೆಯ ಮೇಲೆ ವಿಧಾನಸೌಧದ ಹಣಕಾಸು ಇಲಾಖೆಯ ಬಜೆಟ್ ವಿಭಾಗಕ್ಕೆ ಹೋದೆ. ಆಗಿನ ಕಾರ್ಯದರ್ಶಿಗಳು ಬಿಜಾಪುರದ ಕಡೆಯವರು. ತಮ್ಮ ಹೆಸರು ಯಾವ ಫಲಕದ ಮೇಲೂ ಬರುವುದು ಅವರಿಗೆ ಹಿಡಿಸುತ್ತಿರಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಆ ಕುರ್ಚಿಯ ಕೆಲಸ ಏನೆಂದು ನಾನು ಕಂಡದ್ದನ್ನು ಹೇಳುತ್ತೇನೆ. ಪ್ರತಿ ಬೆಳಿಗ್ಗೆ ಅವರ ಮೇಜಿಗೆ ಒಂದು ಚೀಟಿ ಬರುತ್ತಿತ್ತು: ನಿನ್ನೆ ಸಂಜೆಗೆ ರಾಜ್ಯದ ಕೈಯಲ್ಲಿ ಉಳಿದದ್ದು ಇಷ್ಟು. ಅದನ್ನು ನೋಡಿದ ಮೇಲೆ ಸಕ್ಕರೆಯಿಲ್ಲದ ಚಹಾ ಕುಡಿಯುವರು. ಚಹಾ ಹಾಗೇ ಆರಿ ಹೋಗಿದ್ದರೆ ಆ ದಿನ ದೊಡ್ಡ ಬಿಲ್ಲುಗಳ ಫೈಲು ಒಳಗೆ ಕಳಿಸಬಾರದೆಂದು ನಮಗೆ ಅರ್ಥವಾಗುತ್ತಿತ್ತು. ಸಂಬಳ, ಪಿಂಚಣಿ, ಆಸ್ಪತ್ರೆಯ ಔಷಧಿ, ಸಾಲದ ಕಂತು ಎಲ್ಲ ಒಂದೇ ಗಂಗಾಳದಿಂದ. ಯಾವುದಕ್ಕೆ ಇವತ್ತು, ಯಾವುದಕ್ಕೆ ಮುಂದಿನ ವಾರ ಎಂದು ನಿರ್ಧರಿಸುವುದು ಅವರ ತಲೆನೋವು. ಪ್ರತಿ ಇಲಾಖೆಗೂ ತನ್ನ ಕೆಲಸವೇ ಎಲ್ಲಕ್ಕಿಂತ ಮೊದಲು. ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾದವರು ಇವರೊಬ್ಬರೇ.

ಒಮ್ಮೆ ದೊಡ್ಡವರೊಬ್ಬರ ಶಿಫಾರಸು ಪತ್ರ ಹಿಡಿದು ಒಬ್ಬರು ಬಂದರು. ವರ್ಷದ ಕೊನೆಯ ವಾರ, ಅತಿಥಿಗೃಹಕ್ಕೆ ಹೊಸ ಪೀಠೋಪಕರಣ ಬೇಕಂತೆ. ಕಾರ್ಯದರ್ಶಿಗಳು ಪತ್ರ ಓದಿ ಮಡಿಸಿ ವಾಪಸು ಕೊಟ್ಟರು.

“ಆಗಂಗಿಲ್ರಿ.”

“ಒಂದ್ಸಲ ಹೂಂ ಅಂದ್ಬಿಡಿ ಸಾರ್, ಸಾಹೇಬ್ರು ನೆನಪಿಟ್ಕೋತಾರೆ.”

“ಇಲ್ಲ ಅನ್ನಾಕಂತನ ಸರ್ಕಾರ ನನಗ ಪಗಾರ ಕೊಡ್ತದ. ಹೂಂ ಅನ್ನಾಕ ಬ್ಯಾರೆ ಭಾಳ ಮಂದಿ ಅದಾರ. ಚಾ ಕುಡದು ಹೋಗ್ರಿ.”

ಬಂದವರು ಚಹಾ ಕುಡಿದೇ ಹೋದರು. ನಮ್ಮ ವಿಭಾಗದಲ್ಲಿ ಆ ಮಾತು ತಿಂಗಳುಗಟ್ಟಲೆ ಓಡಾಡಿತು. ಮನೆಯಲ್ಲಿ ಮಕ್ಕಳು ಐಸ್‌ಕ್ರೀಂ ಕೇಳಿದರೂ ‘ಇಲ್ಲ ಅನ್ನಾಕಂತನ’ ಎಂದು ನಾನೇ ಹೇಳಿ ನಗುತ್ತಿದ್ದೆ.

ಆದರೆ ಇಲ್ಲ ಎನ್ನುವುದಷ್ಟೇ ಅವರ ಕೆಲಸವೆಂದು ತಿಳಿಯಬಾರದು. ಯಾವ ಫೈಲು ಹೋದರೂ ಒಂದು ಪ್ರಶ್ನೆ ಕೇಳುವರು: “ಈ ರೊಕ್ಕ ಕಡೀಗೆ ಯಾರ ಕೈ ಮುಟ್ಟತದ?” ಒಂದು ಸಲ ವಿದ್ಯಾರ್ಥಿನಿಲಯಗಳ ಊಟದ ಅನುದಾನದ ಫೈಲು ನನ್ನ ಮೇಜಿನ ರಾಶಿಯ ಕೆಳಗೆ ಸೇರಿಕೊಂಡಿತ್ತು. ನಾಲ್ಕನೆಯ ದಿನ ಒಯ್ದು ಮುಂದಿಟ್ಟೆ. ಅವರು ತಾರೀಕು ನೋಡಿದರು.

“ಮೂರು ದಿವಸ ನಿಮ್ಮ ಟೇಬಲ್ ಮ್ಯಾಲ ಇತ್ತು. ಮೂರು ದಿವಸ ಆ ಹುಡುಗೂರು ಉಪಾಸ ಇರ್ಬೇಕೇನ್ರೀ?”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನೇ ಹಾಸ್ಟೆಲ್ಲಿನ ಅನ್ನ ತಿಂದು ಓದಿದವಳು. ತಿಂಗಳ ಕೊನೆಗೆ ಸಾರು ನೀರಾಗುವುದು ಯಾಕೆಂದು ಆಗ ಗೊತ್ತಿರಲಿಲ್ಲ, ಆವತ್ತು ಗೊತ್ತಾಯಿತು. ಎಲ್ಲೋ ಒಬ್ಬಳ ಮೇಜಿನ ಮೇಲೆ ಒಂದು ಫೈಲು ಕೂತಿರುತ್ತದೆ.

ನಿಯೋಜನೆ ಮುಗಿದು ಹೊರಡುವ ದಿನ ನಮಸ್ಕಾರ ಹೇಳಲು ಹೋದೆ. “ಊರ ಖಜಾನಿಗೆ ಹೊಂಟೀರಿ. ಅದ ದೊಡ್ಡ ಕೆಲಸ. ನಾ ಇಲ್ಲಿ ಬರೇ ಕಾಗದ ನೋಡ್ತೀನಿ, ನೀವು ಮಂದಿನ ನೋಡ್ತೀರಿ” ಎಂದು ತಮ್ಮ ಮೊಬೈಲ್ ನಂಬರು ಬರೆದುಕೊಟ್ಟರು. “ಸಣ್ಣ ಕೆಲಸಕ್ಕ ಮಾಡಬ್ಯಾಡ್ರಿ ಮತ್ತ.”

ನಮ್ಮ ಜಿಲ್ಲೆಯ ಒಂದು ತಾಲ್ಲೂಕಿಗೆ ಮುಖ್ಯ ಲೆಕ್ಕಿಗರ ಹುದ್ದೆಗೆ ಬಂದೆ. ಯಾವ ತಾಲ್ಲೂಕೆಂದು ಹೇಳುವುದಿಲ್ಲ. ಅಲ್ಲಿದ್ದವರು ಇನ್ನೂ ಸರ್ವೀಸಿನಲ್ಲಿದ್ದಾರೆ, ತಪ್ಪು ನನ್ನದು, ಮುಜುಗರ ಅವರಿಗೆ ಯಾಕೆ. ಅಲ್ಲಿನ ಖಜಾನಾಧಿಕಾರಿ ನಂಜುಂಡಪ್ಪನವರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು, ಸಕ್ಕರೆ ಕಾಯಿಲೆ, ಬಲು ಸಾಧು ಮನುಷ್ಯ. ನನ್ನನ್ನು ‘ಸರೋಜಮ್ಮ’ ಎಂದು ಮನೆಯ ಮಗಳನ್ನು ಕರೆದಂತೆ ಕರೆಯುವರು.

ಈಗ ಕೀಲಿಗಳ ವಿಷಯ ಸ್ವಲ್ಪ ಹೇಳಬೇಕು. ಸ್ಟ್ರಾಂಗ್ ರೂಮಿನ ಪ್ರತಿ ಬೀಗಕ್ಕೂ ಎರಡು ಕೀಲಿ. ಒಂದು ನಮ್ಮ ಕೈಯಲ್ಲಿ, ಇನ್ನೊಂದು ಅರಗಿನ ಮೊಹರು ಹಾಕಿದ ಲಕೋಟೆಯಲ್ಲಿ ಚಿಕ್ಕಬಳ್ಳಾಪುರದ ಜಿಲ್ಲಾ ಖಜಾನೆಯಲ್ಲಿ. ವರ್ಷಕ್ಕೊಮ್ಮೆ ಆ ಲಕೋಟೆ ತರಿಸಿ, ಅದರೊಳಗಿನ ಕೀಲಿಗಳನ್ನು ನಾವು ಇಟ್ಟುಕೊಂಡು, ನಮ್ಮ ಕೈಯಲ್ಲಿದ್ದವನ್ನು ಮೊಹರು ಮಾಡಿ ಕಳಿಸಬೇಕು. ಕಳಿಸುವ ಮೊದಲು ಪ್ರತಿ ಕೀಲಿಯನ್ನೂ ಬೀಗಕ್ಕೆ ಹಾಕಿ ತಿರುಗಿಸಿ ನೋಡಿ, ರಿಜಿಸ್ಟರಿನಲ್ಲಿ ‘ಪರೀಕ್ಷಿಸಲಾಗಿದೆ, ಸರಿಯಿದೆ’ ಎಂದು ಬರೆದು ಇಬ್ಬರೂ ಸಹಿ ಹಾಕಬೇಕು.

ಆ ವರ್ಷ ಅದಲುಬದಲಿನ ದಿನ ಹೊರಗೆ ಪಿಂಚಣಿದಾರರ ಸಾಲು ಬಾಗಿಲು ದಾಟಿತ್ತು. ಯಾರೋ ಅಜ್ಜಿ ತಲೆಸುತ್ತಿ ಬಿದ್ದರೆಂದು ನಂಜುಂಡಪ್ಪನವರು ಅತ್ತ ಓಡಿದರು. ಓಡುವ ಮುಂಚೆ, ಲಕೋಟೆಗೆ ಹೋಗಬೇಕಿದ್ದ ತಮ್ಮ ಕೀಲಿಯನ್ನು ನನ್ನ ಕೈಗಿಟ್ಟು “ನೀನೇ ನೋಡ್ಕಳಮ್ಮ” ಅಂದರು. ಎರಡು ಬೀಗದ ಕೀಲಿಗಳೂ ನನ್ನೊಬ್ಬಳ ಕೈಯಲ್ಲಿದ್ದವು. ಆಗಲೇ ನಾನು ಬೇಡ ಅನ್ನಬೇಕಿತ್ತು.

ಸ್ಟ್ರಾಂಗ್ ರೂಮಿನ ಮೂಲೆಯಲ್ಲಿ ಅಮಲ್ದಾರರ ಕಾಲದ ಕಬ್ಬಿಣದ ಪೆಟ್ಟಿಗೆಯೊಂದಿತ್ತು. ಯಾರೂ ಬಳಸದ್ದು. ಅದರ ಕೀಲಿ ಹತ್ತಿರದ ಮೊಳೆಗೆ ನೇತಾಡುತ್ತಿತ್ತು. ದೂಳು ಒರೆಸೋಣವೆಂದು ಅದನ್ನೂ ತೆಗೆದು ಪೆಟ್ಟಿಗೆಯ ಮೇಲಿಟ್ಟೆ, ನಂಜುಂಡಪ್ಪನವರ ಕೀಲಿಯನ್ನೂ ಅಲ್ಲೇ ಇಟ್ಟೆ. ಎರಡೂ ಹಿತ್ತಾಳೆಯವು, ಎರಡೂ ಬೆರಳುದ್ದ. ಲಕೋಟೆ ಒಯ್ಯಬೇಕಿದ್ದ ಜವಾನ ಹೊರಗಿನಿಂದ ‘ಮೇಡಂ, ಬಸ್ ಹೊರಟೋಗುತ್ತೆ’ ಎಂದು ಕೂಗಿದ. ಒಂದನ್ನು ಮೊಳೆಗೆ ಹಾಕಿ, ಇನ್ನೊಂದನ್ನು ಲಕೋಟೆಗೆ ಸೇರಿಸಿ, ಅರಗು ಕರಗಿಸಿ ಮೊಹರು ಒತ್ತಿದೆ. ನನ್ನ ಕೀಲಿಯನ್ನು ತಿರುಗಿಸಿ ನೋಡಿದ್ದೆ, ಅವರದನ್ನು ನೋಡಲಿಲ್ಲ. ಎಂದೂ ತಪ್ಪು ಮಾಡದವಳೆಂಬ ಗರ್ವ ನನಗಿತ್ತು. ‘ಪರೀಕ್ಷಿಸಲಾಗಿದೆ, ಸರಿಯಿದೆ’ ಎಂದು ಚೆಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ನಂಜುಂಡಪ್ಪನವರು ಬಂದು ಪಕ್ಕದಲ್ಲಿ ತಮ್ಮದನ್ನೂ ಹಾಕಿದರು.

ಹತ್ತು ಹನ್ನೊಂದು ತಿಂಗಳು ಏನೂ ಆಗಲಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಪ್ರಶ್ನೆಪತ್ರಿಕೆಗಳನ್ನು ಖಜಾನೆಯ ಸ್ಟ್ರಾಂಗ್ ರೂಮಿನಲ್ಲಿ ಇಡುವುದು ನಿಮಗೆ ಗೊತ್ತಿರಬೇಕು. ಪರೀಕ್ಷೆಯ ದಿನ ಬೆಳಿಗ್ಗೆ ಶಿಕ್ಷಣ ಇಲಾಖೆಯವರು ಬಂದು, ಎಲ್ಲರ ಎದುರಿಗೆ ಬಾಗಿಲು ತೆಗೆಸಿ, ಬಂಡಲುಗಳನ್ನು ಗಾಡಿಗಳಲ್ಲಿ ಕೇಂದ್ರಗಳಿಗೆ ಒಯ್ಯುತ್ತಾರೆ. ಮೊದಲ ದಿನ. ಹತ್ತೂವರೆಗೆ ಪರೀಕ್ಷೆ. ಏಳಕ್ಕೆಲ್ಲ ನಾವು ಸೇರಿದೆವು. ಗಾಡಿಗಳ ಉಸ್ತುವಾರಿ ರೆಡ್ಡಿ ಮೇಷ್ಟ್ರದು. ಆಂಧ್ರದ ಗಡಿಯ ಕಡೆಯವರು, ಮಾತಿನಲ್ಲಿ ತೆಲುಗು ಹಣಕುತ್ತಿತ್ತು.

ನನ್ನ ಬೀಗ ತೆರೆಯಿತು. ನಂಜುಂಡಪ್ಪನವರು ತಮ್ಮ ಕೀಲಿ ಹಾಕಿ ತಿರುಗಿಸಿದರು. ಕಟ್ ಎಂದಿತು. ಹೊರಗೆಳೆದರೆ ಕೀಲಿಯ ಒಂದು ಹಲ್ಲು ಮುರಿದಿತ್ತು. ಬೀಗ ಅಲುಗಾಡಿಸಿದಾಗ ಮುರಿದ ಚೂರು ಕೆಳಗೆ ಬಿತ್ತು, ಬೀಗ ಮಾತ್ರ ಹಾಗೇ ಇತ್ತು.

“ಅಯ್ಯೋ ರಾಮ” ಅಂದರು ರೆಡ್ಡಿ ಮೇಷ್ಟ್ರು.

“ಗಾಬ್ರಿ ಬೇಡ ಮೇಷ್ಟ್ರೇ, ಚಿಕ್ಕಬಳ್ಳಾಪುರದಲ್ಲಿ ಡುಪ್ಲಿಕೇಟ್ ಇದೆ” ಅಂದೆ ನಾನು, ಬಹಳ ಧೈರ್ಯದಿಂದ.

ಫೋನು ಹೋಯಿತು. ಜೀಪಿನಲ್ಲಿ ಲಕೋಟೆ ಬಂತು. ಎಂಟೂಕಾಲು. ಎಲ್ಲರೆದುರು ಮೊಹರು ಒಡೆದು ನಂಜುಂಡಪ್ಪನವರು ಕೀಲಿಯನ್ನು ಬೀಗಕ್ಕೆ ಹಿಡಿದರು. ಅದು ಒಳಗೇ ಹೋಗಲಿಲ್ಲ. ತಿರುವಿ ಹಿಡಿದರು, ಹೋಗಲಿಲ್ಲ. ನಾನು ಆ ಕೀಲಿಯನ್ನು ಇಸಿದುಕೊಂಡು ನೋಡಿದೆ. ಮೂಲೆಯ ಪೆಟ್ಟಿಗೆ, ಮೊಳೆ, ಅವಸರ, ಎಲ್ಲ ಒಂದೇ ಸಲಕ್ಕೆ ಕಣ್ಣಮುಂದೆ ಬಂದವು. ಬೇಕಾದ ಕೀಲಿ ಈ ಬಾಗಿಲಿನ ಒಳಗೆ ಮೊಳೆಗೆ ತೂಗುತ್ತಿತ್ತು.

“ಮೇಡಂ, ಲಾಸ್ಟ್ ಸೆಂಟರು ಬಾರ್ಡರಲ್ಲಿದೆ. ಒಂದೂಕಾಲು ಗಂಟೆ ಆಗುತ್ತೆ. ಒಂಬತ್ತಕ್ಕೆ ಗಾಡಿ ಬಿಡ್ಲಿಲ್ಲ ಅಂದ್ರೆ ಅಂತೇ, ಅಷ್ಟೇ, ಆ ಮಕ್ಕಳ ಕಥೆ ಮುಗೀತು” ಅಂದರು ರೆಡ್ಡಿ ಮೇಷ್ಟ್ರು.

ಬೀಗ ಒಡೆಯಿರಿ ಎಂದು ಹೇಳಲು ಯಾರೂ ತಯಾರಿರಲಿಲ್ಲ. ಖಜಾನೆಯ ಬೀಗ ಒಡೆಯುವುದು ಅಂದರೆ ಹುಡುಗಾಟವಲ್ಲ. ಜಿಲ್ಲೆಯವರು ಇಲಾಖೆಯ ನಿರ್ದೇಶಕರನ್ನು ಕೇಳಬೇಕೆಂದರು. ನಿರ್ದೇಶಕರು ದೆಹಲಿಯ ವಿಮಾನದಲ್ಲಿದ್ದರು, ಫೋನು ಬಂದ್. ನಂಜುಂಡಪ್ಪನವರು ಕುರ್ಚಿಯಲ್ಲಿ ಕುಸಿದು ಬೆವರುತ್ತಿದ್ದರು.

ನನ್ನ ಎಸ್ಸೆಸ್ಸೆಲ್ಸಿಯ ಮೊದಲ ದಿನ ನೆನಪಾಯಿತು. ಅಪ್ಪ ಯಾರದೋ ಸೈಕಲ್ಲು ಬೇಡಿ ತಂದು ಕತ್ತಲಲ್ಲೇ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದರು. ಆ ದಿನ ಪ್ರಶ್ನೆಪತ್ರಿಕೆ ಬರದೇ ಹೋಗಿದ್ದರೆ ಅಪ್ಪ ಇನ್ನೊಂದು ದಿನದ ಕೂಲಿ ಬಿಟ್ಟು, ಇನ್ನೊಂದು ಸೈಕಲ್ಲು ಬೇಡಿ ತರುತ್ತಿದ್ದರೆಂಬ ಖಾತ್ರಿ ನನಗಿಲ್ಲ.

ಫೋನ್ ತೆಗೆದು ಕಾರ್ಯದರ್ಶಿಗಳು ಬರೆದುಕೊಟ್ಟಿದ್ದ ನಂಬರು ಒತ್ತಿದೆ. ಎರಡನೆಯ ಸಲಕ್ಕೆ ಎತ್ತಿದರು.

“ಯಾರ್ರೀ?”

“ಸಾರ್, ಸರೋಜಾ. ಬಜೆಟ್ ವಿಭಾಗದಲ್ಲಿದ್ದೆ.”

“ಹಾಂ, ಹೇಳ್ರಿ.”

ಒಂದೇ ಉಸಿರಿಗೆ ಹೇಳಿದೆ.

“ಕಡೀ ಸೆಂಟರು ಎಷ್ಟ ದೂರ?”

“ಒಂದೂಕಾಲು ಗಂಟೆ ಸಾರ್.”

“ಒಳಗ ಪ್ರಶ್ನೆಪತ್ರಿಕಿ ಬಿಟ್ಟು ಮತ್ತೇನ ಐತಿ?”

“ಸ್ಟಾಂಪುಗಳು, ಕೋರ್ಟಿನವರು ಇಟ್ಟಿರೋ ಎರಡು ಮೊಹರಿನ ಪೆಟ್ಟಿಗೆ.”

“ಡುಪ್ಲಿಕೇಟ್ ಯಾಕ ಹತ್ತಲಿಲ್ಲ?”

ತುಕ್ಕು ಅನ್ನಬಹುದಿತ್ತು, ಹಳೇ ಬೀಗ ಅನ್ನಬಹುದಿತ್ತು. “ತಪ್ಪು ಕೀಲಿ ಇಟ್ಟು ಮೊಹರು ಮಾಡಿದ್ದು ನಾನೇ ಸಾರ್. ತಿರುಗಿಸಿ ನೋಡ್ದೆ ಸಹಿ ಹಾಕ್ದೆ.”

“ಅದನ್ನ ಆಮ್ಯಾಲ ನೋಡೂಣು. ಮೊದಲ ಒಂದು ಹೊಸಾ ಬೀಗ ತರಸ್ರಿ. ಅದು ಕೈಯಾಗ ಬಂದ ಮ್ಯಾಲ ಹಳೇದು ಒಡೀರಿ. ಖಜಾನಿ ಬಾಗಲಾ ಒಂದ ನಿಮಿಷ ಸುದ್ದಾ ಬೀಗ ಇಲ್ಲದ ಇರಬಾರದು. ಪೊಲೀಸ್ನವರು, ಮಾಸ್ತರು ಎಲ್ಲಾರ ಮುಂದ ಒಡೀರಿ, ವೇಳೆ ಬರೀರಿ. ಯಾರು ಹೇಳಿದ್ರು ಅಂದ್ರ ನಾ ಹೇಳೇನಂತ ಬರೀರಿ. ಆರ್ಡರ್ ಈಗ ಮೇಲ್ ಮಾಡಸ್ತೀನಿ.”

ಹೊಸ ಬೀಗದ ಯೋಚನೆ ಅಲ್ಲಿದ್ದ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಇಡೀ ರಾಜ್ಯದ ಹಣಕಾಸು ನೋಡುವ ಮನುಷ್ಯನಿಗೆ ಫೋನು ಎತ್ತಿದ ಎರಡನೆಯ ನಿಮಿಷಕ್ಕೆ ಬಂತು. ಹೊಸಬರೇ, ಆ ಕುರ್ಚಿಯಲ್ಲಿ ಕೂರುವವರಿಗೆ ಏನು ಬೇಕೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಬಸ್ ಸ್ಟ್ಯಾಂಡ್ ರಸ್ತೆಯ ಟ್ರಾಕ್ಟರ್ ರಿಪೇರಿ ಅಂಗಡಿಯ ಇಮ್ತಿಯಾಜ್ ಗ್ರೈಂಡರ್ ಹಿಡಿದು ಬಂದ. ಬಾಗಿಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಖಜಾನೆ ಬೀಗ ಒಡೆಯೋಕೆ ನನ್ನೇ ಕರೆಸಿದ್ದೀರಾ ಮೇಡಂ? ನಾಳೆ ಪೊಲೀಸ್ನೋರು ನಮ್ಮನೆ ಮುಂದೆ ನಿಂತ್ರೆ?”

“ಪೊಲೀಸ್ನೋರು ಇಲ್ಲೇ ನಿಂತಿದಾರಲ್ಲಪ್ಪ, ನೋಡು.”

“ಅದಕ್ಕೇ ಭಯ ಮೇಡಂ. ಬರೆದು ಕೊಡಿ.”

ಕಾಗದದ ಮೇಲೆ ಬರೆದು, ಸಹಿ ಹಾಕಿ, ಖಜಾನೆಯ ಮೊಹರು ಒತ್ತಿ ಕೊಟ್ಟೆ. ಅದನ್ನು ಮಡಿಸಿ ಜೇಬಿಗಿಟ್ಟ ಮೇಲೆಯೇ ಅವನು ಸ್ವಿಚ್ ಒತ್ತಿದ್ದು. ಕಿಡಿ ಹಾರಿತು. ಬೀಗ ನೆಲಕ್ಕೆ ಬಿದ್ದಾಗ ಒಂಬತ್ತಕ್ಕೆ ಆರು ನಿಮಿಷ. ಬಂಡಲುಗಳು ಹೊರಗೆ ಬಂದವು, ಹೊಸ ಬೀಗ ಮೇಲೆ ಕೂತಿತು. ಗಡಿಯ ಕೇಂದ್ರದ ಗಾಡಿಗೆ ರೆಡ್ಡಿ ಮೇಷ್ಟ್ರು ತಾವೇ ಹತ್ತಿದರು. ಹತ್ತೂಕಾಲಕ್ಕೆ ಅವರ ಫೋನು ಬಂತು: “ವಚ್ಚೇಶಾಂ ಮೇಡಂ. ಬಂದ್ವಿ. ಮಕ್ಕಳಿಗೆ ಏನೂ ಗೊತ್ತಿಲ್ಲ, ನಗ್ತಾ ಕೂತವ್ರೆ.”

ಆಮೇಲಿನದು ನನ್ನ ಪಾಲಿನದು. ವಿಚಾರಣೆಗೆ ಜಿಲ್ಲೆಯಿಂದ ಮಾರನೆಯ ದಿನ ಬರುವವರಿದ್ದರು. ಸಂಜೆ ನಂಜುಂಡಪ್ಪನವರು ಕೋಣೆಯ ಬಾಗಿಲು ಮುಂದಕ್ಕೆಳೆದು ಕೂತರು. ಅವರ ಕೈಯಲ್ಲಿ ಮೊಳೆಯಿಂದ ತೆಗೆದ ಸರಿಯಾದ ಕೀಲಿ.

“ಸರೋಜಮ್ಮ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡ. ಬೀಗ ತುಂಡಾಯ್ತು. ಲಕೋಟೇಲಿ ಇದ್ದದ್ದು ಇದೇ ಕೀಲಿ, ಬೀಗ ಕೆಟ್ಟಿತ್ತು ಅದಕ್ಕೆ ತಿರುಗ್ಲಿಲ್ಲ ಅಂತ ಬರೆಯಣ. ಯಾರು ತೋರಿಸ್ತಾರೆ ಅಲ್ಲ ಅಂತ? ನಂದೂ ಪೆನ್ಷನ್ ಹತ್ರ ಬಂತು. ನಿನ್ ಪುಸ್ತಕ ನೋಡು, ಒಂದ್ ಗೆರೆ ಇಲ್ಲ.”

“ಕಾರ್ಯದರ್ಶಿಗಳಿಗೆ ಹೇಳಿದೀನಲ್ಲ ಸಾರ್.”

“ಅವ್ರಿಗೆ ನೂರೆಂಟು ಕೆಲಸ. ಫೋನಲ್ಲಿ ಅಂದಿದ್ದು ನೆನಪಿರುತ್ತಾ?”

ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸು ಅತ್ತ ವಾಲಿತು. ನೋಟಿಸ್ ಬಂದರೆ ಯಾರ್ಯಾರು ಹೇಗೆ ಹಲ್ಲು ಬಿಡುತ್ತಾರೆಂದು ಮುಖ ಮುಖವಾಗಿ ನನಗೆ ಕಾಣುತ್ತಿತ್ತು. ಅಪ್ಪ ಆಗಲೇ ತೀರಿಕೊಂಡಿದ್ದರು. ಇದ್ದಿದ್ದರೆ ಏನೆನ್ನುತ್ತಿದ್ದರೋ ತಿಳಿಯಲಿಲ್ಲ. ಮಸಿ ಅಂಟಬಾರದು ಅಂದಿದ್ದರು, ಅಂಟಿದ್ದನ್ನು ಒರೆಸಿ ಇನ್ನೊಬ್ಬರಿಗೆ ಹಚ್ಚು ಅಂದಿರಲಿಲ್ಲ. ಬೀಗ ಕೆಟ್ಟಿತ್ತು ಅಂದರೆ ತಪ್ಪು ಬೀಗ ಕೊಟ್ಟವನ ಮೇಲೆ ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಫೋನಿನಲ್ಲಿ ಕೇಳಿದ ‘ನಾ ಹೇಳೇನಂತ ಬರೀರಿ’ ನನ್ನ ಕಿವಿಯಲ್ಲಿತ್ತು. ನನ್ನ ಮಾತನ್ನು ನಂಬಿ ಒಬ್ಬ ಮನುಷ್ಯ ತನ್ನ ಹೆಸರನ್ನು ಒಡೆದ ಬೀಗದ ಕೆಳಗೆ ಬರೆಸಿದ್ದ.

“ನಿಮ್ಮ ಹೆಸರು ಬರಲ್ಲ ಸಾರ್. ಕೀಲಿ ಇಟ್ಟವಳು ನಾನು” ಅಂದೆ.

“ಬರ್ಲಿ ಬಿಡಮ್ಮ” ಅಂದರು ಕೀಲಿಯನ್ನು ಮೇಜಿನ ಮೇಲಿಟ್ಟು, “ಕೀಲಿ ಕೈಗೆ ಕೊಟ್ಟೋನು ನಾನಲ್ವಾ.” ಇಬ್ಬರೂ ನಾಲ್ಕು ನಾಲ್ಕು ಸಾಲು ಬರೆದುಕೊಟ್ಟೆವು.

ಎರಡು ತಿಂಗಳಿಗೆ ಆದೇಶ ಬಂತು. ನಂಜುಂಡಪ್ಪನವರಿಗೆ ಎಚ್ಚರಿಕೆ. ನನಗೆ ಒಂದು ವರ್ಷದ ಮಟ್ಟಿಗೆ ವೇತನ ಬಡ್ತಿ ತಡೆ, ಮುಂದಿನ ಪಿಂಚಣಿಗೆ ಬಾಧೆ ಇಲ್ಲ. ಜೊತೆಗೆ ಕಾರ್ಯದರ್ಶಿಗಳ ಟಿಪ್ಪಣಿಯ ಪ್ರತಿ ಇತ್ತು. ಬೀಗ ಒಡೆದದ್ದು ತಮ್ಮ ನಿರ್ಧಾರ, ಅದಕ್ಕೆ ಕೆಳಗಿನ ಯಾರೂ ಹೊಣೆಯಲ್ಲ ಎಂದು ಮೊದಲ ಸಾಲು. ಪರೀಕ್ಷಿಸದೆ ಪರೀಕ್ಷಿಸಲಾಗಿದೆ ಎಂದು ಬರೆದದ್ದು ಮುಖ್ಯ ಲೆಕ್ಕಿಗರ ತಪ್ಪು, ಅದನ್ನು ಕೇಳಿದೊಡನೆ ಒಪ್ಪಿಕೊಂಡಿದ್ದಾರೆ, ಆದರೂ ಶಿಕ್ಷೆ ಇರತಕ್ಕದ್ದು ಎಂದು ಎರಡನೆಯದು. ನನ್ನನ್ನು ಬಲ್ಲವರೆಂದು ಬಿಡಲಿಲ್ಲ. ಬಿಟ್ಟಿದ್ದರೆ ಅವರ ಮೇಲಿನ ಗೌರವ ಒಂದು ಗುಲಗಂಜಿ ಕಡಿಮೆಯಾಗುತ್ತಿತ್ತೇನೋ. ಹಲ್ಲು ಬಿಡುವವರು ಬಿಟ್ಟರು. ಒಂದು ತಿಂಗಳಿಗೆ ಅವರಿಗೂ ಬೇಸರವಾಯಿತು.

ಅದಾದ ಕೆಲವು ತಿಂಗಳಿಗೆ ಹಣಕಾಸು ಇಲಾಖೆಯಿಂದ ಎಲ್ಲ ಖಜಾನೆಗಳಿಗೂ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಕೀಲಿ ಅದಲುಬದಲಿನ ದಿನ ಯಾರೂ ತಮ್ಮ ಕೀಲಿಯನ್ನು ತಾವೇ ಪರೀಕ್ಷಿಸುವಂತಿಲ್ಲ. ಬಾಗಿಲಿನೆದುರು ನಿಂತು, ಕೀಲಿಯವರ ಕಣ್ಣಮುಂದೆ ಎದುರಿನವರು ಅದನ್ನು ತಿರುಗಿಸಿ ನೋಡಿ, ಆ ಕ್ಷಣವೇ ವಾಪಸು ಕೊಟ್ಟು ಸಹಿ ಹಾಕಬೇಕು. ಯಾವ ಊರಿನ ಹೆಸರೂ ಅದರಲ್ಲಿರಲಿಲ್ಲ, ಯಾರ ಹೆಸರೂ ಇರಲಿಲ್ಲ. ಕೆಳಗೆ ಕಾರ್ಯದರ್ಶಿಗಳ ಸಹಿ ಮಾತ್ರ.

ನನ್ನ ಕೊನೆಯ ಪೋಸ್ಟಿಂಗು ಬೇರೆ ತಾಲ್ಲೂಕಿನಲ್ಲಿ. ಅಲ್ಲಿ ಖಜಾನಾಧಿಕಾರಿಯಾಗಿ ನಾನು, ಮುಖ್ಯ ಲೆಕ್ಕಿಗನಾಗಿ ಹರೀಶ ಎಂಬ ಮೂವತ್ತರ ಚುರುಕು ಹುಡುಗ. ಅದಲುಬದಲಿನ ದಿನ ಅವನ ಕೀಲಿಯನ್ನು ನಾನು ತಿರುಗಿಸಿ ನೋಡಿ ಅವನ ಕೈಗೆ ಕೊಟ್ಟೆ. ನನ್ನದನ್ನು ತೆಗೆದುಕೊಂಡ ಅವನು ಗೊಣಗಿದ.

“ನಲವತ್ತು ಬಿಲ್ ಪೆಂಡಿಂಗ್ ಇದೆ ಮೇಡಂ, ಇದೊಂದು ಕಾಟ. ಯಾವನೋ ಎಲ್ಲೋ ಎಡವಟ್ಟು ಮಾಡಿರ್ತಾನೆ, ಅದಕ್ಕೆ ರಾಜ್ಯಕ್ಕೆಲ್ಲಾ ಶಿಕ್ಷೆ.”

“ಯಾವನೋ ಅಲ್ಲಪ್ಪ,” ಅಂದೆ, “ನಾನೇ.”

ಅವನು ನಕ್ಕ. ನಾನು ನಗಲಿಲ್ಲ. ಅವನ ನಗು ನಿಂತಿತು. ಕೈಯಲ್ಲಿದ್ದ ನನ್ನ ಕೀಲಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ಬಗ್ಗಿ, ಕೀಲಿಯನ್ನು ಬೀಗಕ್ಕೆ ಹಾಕಿ ಪೂರ್ತಿ ತಿರುಗಿಸಿದ. ತೆಗೆದ, ಮತ್ತೆ ಹಾಕಿ ಇನ್ನೊಂದು ಸಲ ತಿರುಗಿಸಿದ.

“ಸರಿಯಿದೆ ಮೇಡಂ” ಅಂದ.

“ಹಂಗಾದ್ರೆ ಈಗ ಬರಿ” ಅಂದೆ.